ಕಾಲಿಂದ ಹೆಣೆದ ಜಡೆ

ಮಧುಗಿರಿ ಕಡೆಯ ಪುರವರಕ್ಕೆ ಕೂಗಳತೆಯಲ್ಲಿರುವ ಹಟ್ಟಿಗೆ ಹೋಗಿ ಲಕ್ಷ್ಮಯ್ಯನ ಮನೆ ಯಾವುದು ಅಂತ ಕೇಳಿ ನೋಡಿ. ಹೆಂಗಸರು ‘ನೀರು ಬಿಡೋ ಲಕ್ಷ್ಮಯ್ಯಂದಾ?’ ಅನ್ನುತ್ತಾರೆ. ಗಂಡಸರು ‘ಕೋಲಾಟದ ಲಕ್ಷ್ಮಯ್ಯಂದಾ?’ ಅನ್ನುತ್ತಾರೆ. ಇಬ್ಬರೂ ಕೈ ತೋರಿಸುವುದು ಬೇವಿನ ಮರದ ಎದುರಿಗಿರುವ ಒಂದೇ ಮನೆಗೆ.

ಪಂಚಾಯ್ತಿಯ ನೀರುಗಂಟಿಯಾಗಿ ಅವನು ವಾಲ್ವು ತಿರುಗಿಸಲು ಶುರು ಮಾಡಿದಾಗ ಮೀಸೆ ಕರ್ರಗಿತ್ತು, ಕೆಲಸ ಬಿಡುವ ಹೊತ್ತಿಗೆ ಬೆಳ್ಳಗಾಗಿತ್ತು. ಆ ವಾಲ್ವನ್ನಾದರೂ ಸುಮ್ಮನೆ ತಿರುಗಿಸಿದ್ದುಂಟೇ! ಬಾಯಲ್ಲಿ ತಾಳ ಹಾಕಬೇಕು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಡಬೇಕು, ಸೊಂಟ ಒಂದು ಸಲ ತಿರುಗಬೇಕು, ಆಮೇಲೆ ನೀರು. ನಲ್ಲಿ ಮುಂದೆ ಕೊಡ ಇಟ್ಟುಕೊಂಡು ಕಾಯುತ್ತಿದ್ದವರು ‘ಕುಣಿದಿದ್ದು ಸಾಕು, ನೀರು ಬುಡಪ್ಪೋ’ ಅಂತ ಬೈಯುತ್ತಿದ್ದರು. ಅವನು ಕಂದು ಹಲ್ಲು ಬಿಟ್ಟು ನಗುತ್ತಿದ್ದ. ಆ ಕಂದು ಬಣ್ಣ ಎಲೆ ಅಡಿಕೆಯದಲ್ಲ, ಬೋರ್‌ವೆಲ್ ನೀರಿನದು ಅನ್ನುತ್ತಿದ್ದ. ಅದರ ಕಥೆ ಮುಂದೆ ಬರುತ್ತದೆ.

ಕೋಲಾಟದಲ್ಲಿ ಲಕ್ಷ್ಮಯ್ಯನ ಮನೆತನದ್ದು ಜಡೆ ಕೋಲಾಟ. ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮರದ ಕೊಂಬೆಗೆ ಕಬ್ಬಿಣದ ಬಳೆ ಕಟ್ಟಿ ಅದರಿಂದ ಬಣ್ಣಬಣ್ಣದ ಹಗ್ಗ ಇಳಿಬಿಡುತ್ತಾರೆ. ಆಡುವವರ ಎಡಗೈಯಲ್ಲಿ ಹಗ್ಗದ ತುದಿ, ಬಲಗೈಯಲ್ಲಿ ಕೋಲು. ಅರ್ಧ ಜನ ಬಲಕ್ಕೆ ಸುತ್ತುತ್ತಾರೆ, ಅರ್ಧ ಜನ ಎಡಕ್ಕೆ. ಎದುರಾದವನ ಕೋಲಿಗೆ ಕೋಲು ಕೊಟ್ಟು, ಒಬ್ಬನ ಒಳಗಿನಿಂದ, ಮುಂದಿನವನ ಹೊರಗಿನಿಂದ ನುಸುಳುತ್ತಾ ಹೋದರೆ ತಲೆಯ ಮೇಲೆ ಜಡೆ ತಾನಾಗಿ ಹೆಣೆದುಕೊಳ್ಳುತ್ತದೆ. ಅವೇ ಹೆಜ್ಜೆಗಳನ್ನು ತಿರುಗಾ ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಇದನ್ನು ಹಟ್ಟಿಗೆ ಕಲಿಸಿದವನು ಲಕ್ಷ್ಮಯ್ಯನ ಅಪ್ಪ ಪೆದ್ದಣ್ಣ. ಮೊದಲು ಬಿಚ್ಚುವುದನ್ನು ಕಲಿಸುತ್ತಿದ್ದ, ಆಮೇಲೆ ಹೆಣೆಯುವುದನ್ನು. ಕಾಲಿಂದ ಹೆಣೆದ ಜಡೆಯನ್ನು ಕಾಲಿಂದಲೇ ಬಿಚ್ಚಬೇಕು, ಕೈ ಹಾಕಿ ಬಿಡಿಸಬಾರದು ಅನ್ನುವುದು ಅವನು ಮಾಡಿದ ಕಟ್ಟುನಿಟ್ಟು. ಕತ್ತರಿ ಅಂತೂ ಆ ಮರದ ಹತ್ತಿರ ಸುಳಿಯುವಂತಿರಲಿಲ್ಲ. ಇವತ್ತಿಗೂ ಸುಳಿದಿಲ್ಲ.

ಇಂಥ ಪೆದ್ದಣ್ಣನಿಗೆ ಎದೆನೋವು ಬಂತು. ಲಕ್ಷ್ಮಯ್ಯನಿಗೆ ಆಗ ಮೀಸೆ ಚಿಗುರುವ ವಯಸ್ಸು. ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಸಿದರು, ಆ ಪುಣ್ಯ ಅವರಿಗೇ ಇರಲಿ. ಆದರೆ ಹಾಸಿಗೆಯಿಂದ ಏಳಬೇಡ ಅಂದರು. ವಾರಗಟ್ಟಲೆ ಮಲಗಿಸಿದರು. ಮನೆಗೆ ಕಳಿಸುವಾಗ ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ, ಕುಣಿಯುವುದನ್ನು ಮರೆತುಬಿಡು ಅಂದರು. ಪೆದ್ದಣ್ಣನಿಗೆ ಡಾಕ್ಟರ ಮಾತೆಂದರೆ ಕಲ್ಲಿನಲ್ಲಿ ಕೊರೆದ ಅಕ್ಷರ. ಬೇವಿನ ಮರದ ಕೆಳಗೆ ಹಗ್ಗದ ಮಂಚ ಹಾಕಿಸಿಕೊಂಡು ಮಲಗಿದ. ವಾರದ ಮಾತು ವರ್ಷಕ್ಕೆ ಹೋಯಿತು. ಮನೆಯವರೂ ಅಷ್ಟೇ ಪ್ರೀತಿಯಿಂದ ಅವನನ್ನು ಏಳಗೊಡಲಿಲ್ಲ, ಮುಖ ತೊಳೆಯುವ ನೀರನ್ನೂ ಮಂಚಕ್ಕೇ ತಂದುಕೊಟ್ಟರು. ಅವನು ಮಲಗಿದಲ್ಲಿಂದಲೇ ಹುಡುಗರಿಗೆ ಕೋಲಾಟ ಹೇಳಿಕೊಟ್ಟ. ಮಂಚದ ಮೇಲೆ ಅವನ ಕಾಲುಗಳು ಮಾತ್ರ ತಾಳ ಹಾಕುತ್ತಿದ್ದವು, ಬರಬರುತ್ತಾ ಅವೂ ಕಡ್ಡಿಯಾದವು. ಕೊನೆಗೆ ಹೋದದ್ದು ಎದೆಯಿಂದಲ್ಲ, ಮಲಗಿ ಮಲಗಿ ಸವೆದು ಹೋದ. ಲಕ್ಷ್ಮಯ್ಯ ಆ ಮಂಚವನ್ನು ಎತ್ತಿಡಲೂ ಇಲ್ಲ, ಅದರ ಮೇಲೆ ಒಂದು ದಿನ ಕೂರಲೂ ಇಲ್ಲ.

ಹೋದ ವರ್ಷ ಕಡಲೆಕಾಯಿ ಬಿತ್ತನೆ ಮುಗಿದ ಹೊತ್ತಿನಲ್ಲಿ ಅದೇ ನೋವು ಲಕ್ಷ್ಮಯ್ಯನ ಎದೆಗೂ ಬಂತು. ಪಕ್ಕದ ಮನೆಯ ದೇವರಾಜು, ಎಳವೆಯಿಂದಲೂ ಕೋಲಾಟದಲ್ಲಿ ಅವನ ಎದುರು ಕೋಲು ಹಿಡಿಯುವವನು, ತನ್ನ ಲಗೇಜ್ ಆಟೋದಲ್ಲಿ ಅವನನ್ನು ಹಾಕಿಕೊಂಡು ಮಧುಗಿರಿಗೆ ಬಿಟ್ಟ. ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರು. ರಕ್ತನಾಳದೊಳಗೆ ಸ್ಟೆಂಟು ಹಾಕಿದರು. ಕಣ್ಣು ಬಿಟ್ಟಾಗ ಲಕ್ಷ್ಮಯ್ಯನಿಗೆ ಮೊದಲು ನೆನಪಾದದ್ದು ಹೆಂಡತಿಯಲ್ಲ, ಮಗನಲ್ಲ, ಆ ಮಂಚ. ಮುಗಿಯಿತು, ಇನ್ನು ನಾನೂ ಅದರ ಮೇಲೇ, ಅಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ಮಾರನೇ ದಿನವೇ ನರ್ಸು ಬಂದು, ಏಳಿ ಯಜಮಾನ್ರೇ, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಯಬೇಕು ಅಂದಳು. ಲಕ್ಷ್ಮಯ್ಯ ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡ. ಇವಳು ಯಾರನ್ನೋ ಎಬ್ಬಿಸುವ ಬದಲು ನನ್ನನ್ನು ಎಬ್ಬಿಸುತ್ತಿದ್ದಾಳೆ ಅಂತಲೇ ಅವನ ಎಣಿಕೆ. ಅವಳು ಬಿಡಲಿಲ್ಲ, ಮಲಗಿದ್ದರೇ ತೊಂದರೆ ಅಂದಳು. ಲಕ್ಷ್ಮಯ್ಯ ನಡೆದ. ಕಿಟಕಿಯವರೆಗೆ ಹೋಗಿ, ಹಿಂದಿರುಗಿ ಬಂದು, ಮತ್ತೆ ಕಿಟಕಿಯವರೆಗೆ ಹೋಗಿ ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತ. ನರ್ಸು ಹೆದರಿ ಎದೆ ನೋಯುತ್ತಿದೆಯಾ ಅಂತ ಕೇಳಿದಳು.

“ಎದೆಗೇನಾಗಿಲ್ಲ ಕಣಮ್ಮ. ನಮ್ಮಪ್ಪುಂಗೂ ಇದನ್ನೇ ಹೇಳಿದ್ರೆ ಆಗ್ತಿತ್ತಲ್ಲ.”

ಊರಿಗೆ ಹೊರಡುವ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ, ಕೋಲಾಟ ಆಡಬಹುದಾ ಅಂತ. ಚೀಟಿ ಬರೆಯುತ್ತಿದ್ದ ಡ್ಯೂಟಿ ಡಾಕ್ಟರು ತಲೆ ಎತ್ತಲೂ ಇಲ್ಲ, ಡ್ಯಾನ್ಸೆಲ್ಲ ಬೇಡ ತಾತ, ವಾಕಿಂಗ್ ಸಾಕು ಅಂದ. ಆ ಮಾತನ್ನು ಡಾಕ್ಟರು ಅಲ್ಲೇ ಮರೆತಿರಬಹುದು. ದಾಸಮ್ಮ ಮರೆಯಲಿಲ್ಲ.

ದಾಸಮ್ಮ ಲಕ್ಷ್ಮಯ್ಯನ ಹೆಂಡತಿ. ಮಾತು ಕಡಿಮೆ, ಹಟ ಜಾಸ್ತಿ. ಮನೆಗೆ ಬಂದ ದಿನವೇ ಗಂಡನ ಕೋಲುಗಳನ್ನು ರಾಗಿ ಡ್ರಮ್ಮಿನ ತಳದಲ್ಲಿ ಹುಗಿದಿಟ್ಟಳು. ಅವನು ವಾಕಿಂಗಿಗೆ ಹೊರಟರೆ ಹಟ್ಟಿಯ ತುಂಬ ಅವಳ ಗೂಢಚಾರರು. ಅಕ್ಕಾ, ನಿನ್ ಗಂಡ ಕಟ್ಟೆ ಹತ್ರ ಬಿರಬಿರನೆ ನಡೆದ ಅಂತ ಒಬ್ಬಳು ಬಂದು ಹೇಳಿದರೆ, ಇನ್ನೊಬ್ಬಳು ಬಂದು, ನಡೆದದ್ದಲ್ಲ, ಹೆಜ್ಜೆ ಹಾಕಿದ ಅನ್ನುವಳು. ಸಂಜೆ ವಿಚಾರಣೆ. ಲಕ್ಷ್ಮಯ್ಯ ಕಾಲಿಗೆ ಮುಳ್ಳು ಚುಚ್ಚಿತ್ತು ಅಂತ ಸುಳ್ಳು ಹೇಳುವನು, ದಾಸಮ್ಮ ಪಾದ ಹಿಡಿದು ಮುಳ್ಳು ಹುಡುಕುವಳು.

ನಗಬೇಡಿ, ಅವಳ ಭಯ ಆಟದ ಮಾತಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ಮಂಚದ ಮೇಲಿದ್ದ. ಎದೆನೋವು ಬಂದವರು ತಿಂಗಳೊಪ್ಪತ್ತಿನಲ್ಲಿ ಹೋಗಿಬಿಡುತ್ತಿದ್ದ ಕಾಲದಲ್ಲಿ ಮಾವ ಅಷ್ಟು ವರ್ಷ ಬಾಳಿದ್ದು ಆ ಮಂಚದಿಂದಲೇ ಅಂತ ಅವಳು ನಂಬಿದ್ದಳು. ಅಪ್ಪನನ್ನು ತಿಂದದ್ದು ಆ ಮಂಚ ಅಂತ ಲಕ್ಷ್ಮಯ್ಯ ನಂಬಿದ್ದ. ಒಂದೇ ಮಂಚವನ್ನು ನೋಡಿಕೊಂಡು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಹೆದರುತ್ತಿದ್ದರು. ಇಬ್ಬರಲ್ಲಿ ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಲಕ್ಷ್ಮಯ್ಯ ಬಾಯಿ ಬಿಟ್ಟದ್ದು ಕಟ್ಟೆಯ ಮೇಲೆ, ಅದೂ ಬೋರ್‌ವೆಲ್ ವಿಚಾರದಲ್ಲಿ. ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಆರೋಗ್ಯದವರು ಬಂದು ಸೇದುವ ಬಾವಿ ನೀರು ಕುಡಿಯಬೇಡಿ, ಅದರಲ್ಲಿ ರೋಗವಿದೆ, ಬೋರ್‌ವೆಲ್ ನೀರು ಶುದ್ಧ ಅಂದಿದ್ದರು. ಲಕ್ಷ್ಮಯ್ಯನೇ ಮನೆಮನೆಗೂ ಹೋಗಿ ಸಾರಿದ್ದ. ವಾಂತಿಭೇದಿ ಕಡಿಮೆಯಾದದ್ದೂ ನಿಜ. ಆದರೆ ವರ್ಷಗಳು ಕಳೆದ ಮೇಲೆ ಬೇರೆಯವರು ಬಂದು ಮಕ್ಕಳ ಹಲ್ಲು ನೋಡಿ, ಅಯ್ಯೋ, ಈ ನೀರಿನಲ್ಲಿ ಫ್ಲೋರೈಡಿದೆ, ಕುಡಿಯಲೇಬೇಡಿ, ಫಿಲ್ಟರ್ ನೀರು ತನ್ನಿ ಅಂದರು. ಅದನ್ನು ಸಾರಿದವನೂ ಲಕ್ಷ್ಮಯ್ಯನೇ. ಯಾವ ಬಾಯಲ್ಲಿ ಹೇಳ್ತೀಯೋ ಅಂತ ಹೆಂಗಸರು ಕೇಳಿದಾಗ, ಇದೇ ಬಾಯಲ್ಲಿ ಅಂತ ಕಂದು ಹಲ್ಲು ತೋರಿಸಿದ್ದ.

ಈಗ ಅದನ್ನೆಲ್ಲ ನೆನಪು ಮಾಡಿಕೊಂಡು ಅವನು ಒಂದು ವಾದ ಕಟ್ಟಿದ. ಅಂದು ಬಾವಿ ಬೇಡ ಅಂದರು, ಆಮೇಲೆ ಬೋರು ಬೇಡ ಅಂದರು. ಅಂದು ಮಲಗು ಅಂದರು, ಇಂದು ನಡೆ ಅನ್ನುತ್ತಾರೆ. ಇನ್ನಿಪ್ಪತ್ತು ವರ್ಷಕ್ಕೆ, ಎದ್ದು ಕೋಲಾಟ ಆಡಿ ಅಂತ ಅವರೇ ಮನೆಗೆ ಬಂದು ಹೇಳುತ್ತಾರೆ, ಆದರೆ ಅಷ್ಟು ದಿನ ಕಾಯುವುದಕ್ಕೆ ನಾನಿರಬೇಕಲ್ಲ. ಕಟ್ಟೆಯವರು ತಲೆದೂಗಿದರು. ದೇವರಾಜು ಮಾತ್ರ, ವಾದದಲ್ಲಿ ನೀನೇ ಗೆದ್ದೆ ಕಣ್ಲಾ, ಮನೇಲಿ ದಾಸಕ್ಕನ ಹತ್ರ ಹೇಳು ನೋಡಾನ ಅಂದ.

ಯುಗಾದಿ ಕಳೆದದ್ದೇ ಏಪ್ರಿಲ್‌ನ ಜಯಂತಿಗೆ ತಾಲೀಮು ಶುರುವಾಯಿತು. ಅಂಬೇಡ್ಕರ್ ಜಯಂತಿಯ ಸಂಜೆ ಆ ಬೇವಿನ ಮರದ ಕೆಳಗೆ ಜಡೆ ಕೋಲಾಟ ಆಗದ ವರ್ಷವೇ ಇಲ್ಲ. ಲಕ್ಷ್ಮಯ್ಯನ ಜಾಗಕ್ಕೆ ಅವನ ಮಗ ಅಂಜನ್ ಕುಮಾರ್ ನಿಂತ. ಕ್ಯಾತಗಾನಚೆರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ, ಅಲ್ಲೇ ರೂಮು, ಇದಕ್ಕೆಂದೇ ರಜೆ ಹಾಕಿ ಬಂದಿದ್ದ. ಲಕ್ಷ್ಮಯ್ಯನಿಗೆ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ದಾಸಮ್ಮ.

ಅಂಜನ್ ಕುಮಾರನ ಕಾಲು ಚುರುಕು, ತಲೆ ಅದಕ್ಕಿಂತ ಚುರುಕು. ಒಳಗೆ ನುಸುಳಬೇಕಾದ ಕಡೆ ಹೊರಗೆ ಹೋದ. ಯಾರ ಕಣ್ಣಿಗೂ ಬೀಳಲಿಲ್ಲ, ಕುರ್ಚಿಯಲ್ಲಿದ್ದವನ ಕಣ್ಣಿಗೆ ಬಿತ್ತು. ‘ಲೇ, ನಿಲ್ಲು’ ಅನ್ನುವಷ್ಟರಲ್ಲಿ ಎರಡು ಸುತ್ತು ಮುಗಿದಿತ್ತು. ತಪ್ಪಾದದ್ದು ಗೊತ್ತಾದ ಮೇಲೆ ಬಿಚ್ಚಲು ಹೊರಟರು. ಸರಿಯಾದ ಹೆಜ್ಜೆಯಲ್ಲಿ ಬಿಚ್ಚಿದರೆ ತಪ್ಪಾಗಿ ಹೆಣೆದದ್ದು ಬಿಚ್ಚುತ್ತದೆಯೇ? ಇನ್ನಷ್ಟು ಸಿಕ್ಕಾಯಿತು. ಲಕ್ಷ್ಮಯ್ಯ ಕುರ್ಚಿಯಿಂದಲೇ ನೀನು ಆ ಕಡೆ, ನೀನು ಈ ಕಡೆ ಅಂತ ಕೂಗಿದ. ಕೂಗಿದಷ್ಟೂ ಗೋಜಲು. ಕೊನೆಗೆ ಕೊಂಬೆಯ ಕೆಳಗೆ ತೂಗುತ್ತಿದ್ದದ್ದು ಜಡೆಯಲ್ಲ, ಗುಬ್ಬಚ್ಚಿ ಗೂಡು. ಏಣಿ ತಂದು ಕೈಯಲ್ಲಿ ಬಿಡಿಸೋಣ ಅಂತ ಒಬ್ಬ ಪಿಸುಗುಟ್ಟಿದ. ದೇವರಾಜು ಅವನನ್ನು ನೋಡಿದ ನೋಟಕ್ಕೆ ಅವನು ಆ ಸಂಜೆಯೆಲ್ಲ ಬಾಯಿ ತೆರೆಯಲಿಲ್ಲ.

ಲಕ್ಷ್ಮಯ್ಯ ಎದ್ದು ನಿಂತ. ದಾಸಮ್ಮ ಅವನ ಮುಂದೆ ಬಂದು ನಿಂತಳು. ಅವನ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದಳು. ಅವನು ಕೂತುಕೊಂಡ. ಎಲ್ಲರೂ ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಹೋದರು, ಸಿಕ್ಕು ಅಲ್ಲೇ ನೇತಾಡಿಕೊಂಡು ಉಳಿಯಿತು. ಕೂತಲ್ಲಿಂದಲೇ ಹೇಳಿಕೊಡುವುದು, ಕೂತಲ್ಲಿಂದಲೇ ತಾಳ ಹಾಕುವುದು, ಅಪ್ಪನ ಬಾಳು ನನಗೂ ಬಂತಲ್ಲ ಅಂತ ಲಕ್ಷ್ಮಯ್ಯ ಕುರ್ಚಿಯನ್ನು ಅತ್ತ ಒದ್ದು ಒಳಗೆ ಹೋದ.

ಇಲ್ಲಿಯವರೆಗೆ ಅವನು ಕೇಳಿದ್ದೆಲ್ಲ ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಮಾತ್ರ ಮನುಷ್ಯ ದಾರಿ ತಪ್ಪಿದ. ಇವರ ಮಾತೇ ನಿಲ್ಲುವುದಿಲ್ಲ ಅಂದಮೇಲೆ ಇವರ ಮಾತ್ರೆ ಯಾಕೆ ಅಂತ ಸಿಟ್ಟಿನಲ್ಲಿ ಮಾತ್ರೆ ನುಂಗುವುದನ್ನೇ ಬಿಟ್ಟ. ದಾಸಮ್ಮ ಕೊಟ್ಟಾಗ ಬಾಯಿಗೆ ಹಾಕಿಕೊಂಡು, ನೀರು ಕುಡಿದ ಹಾಗೆ ಮಾಡಿ, ಹಿತ್ತಿಲಿಗೆ ಹೋಗಿ ಕೋಳಿಗೂಡಿನ ಹಿಂದೆ ಉಗುಳುತ್ತಿದ್ದ. ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ದಾಸಮ್ಮ ಗೂಡು ತೆಗೆದಾಗ ಹುಂಜ ಒಂದು ಗುಲಾಬಿ ಮಾತ್ರೆಯನ್ನು ಕುಕ್ಕಿ ಕುಕ್ಕಿ ನೋಡುತ್ತಿತ್ತು. ಅವಳು ಬೈಯಲಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮಣ್ಣಲ್ಲಿ ಬಿದ್ದಿದ್ದ ಮಾತ್ರೆಗಳನ್ನೆಲ್ಲ ಆರಿಸಿ ಸೆರಗಿಗೆ ಹಾಕಿಕೊಂಡು, ಸದ್ದಿಲ್ಲದೆ ಅತ್ತಳು. ಆಮೇಲೆ ಮುಖ ತೊಳೆದು ದೇವರಾಜುಗೆ ಆಟೋ ತೆಗೆಯಲು ಹೇಳಿದಳು. ಹೆಂಡತಿಯ ಅಳು ನೋಡಿದ ಲಕ್ಷ್ಮಯ್ಯ ತಾನಾಗಿ ಅಂಗಿ ಹಾಕಿಕೊಂಡು ಬಂದು ಕೂತ.

ತುಮಕೂರಿನ ಆಸ್ಪತ್ರೆಯಲ್ಲಿ ಈ ಸಲ ನೋಡಿದ ಹೃದಯದ ಡಾಕ್ಟರು ಲೋಹಿತಾ. ಚನ್ನರಾಯನದುರ್ಗದ ಕಡೆಯವಳು, ಇವರಿಗೆ ಮಗಳ ವಯಸ್ಸು. ದಾಸಮ್ಮ ಮೇಜಿನ ಮೇಲೆ ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಸುರಿದು, ಎಲ್ಲಾ ಕೋಳಿಗಾಕವ್ನೆ ಮೇಡಂ ಅಂದಳು. ಲೋಹಿತಾ ಮೊದಲು ಇಸಿಜಿ ಮಾಡಿಸಿದಳು. ಅದು ಸರಿಯಿದೆ ಅಂತ ನೋಡಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ಯಾಕೆ ಅಂತ ಕೇಳಿದಳು. ಲಕ್ಷ್ಮಯ್ಯ ಎಲ್ಲವನ್ನೂ ಹೇಳಿದ. ಅಪ್ಪನ ಮಂಚ, ಬಾವಿ, ಬೋರ್‌ವೆಲ್, ವಾರ್ಡಿನ ಕಿಟಕಿ, ಮರದಲ್ಲಿ ನೇತಾಡುತ್ತಿರುವ ಸಿಕ್ಕು, ಒಂದನ್ನೂ ಬಿಡಲಿಲ್ಲ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತೆರೆದು ಇಣುಕಿದರು. ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ನಿಮ್ಮ ತಂದೆಗೆ ಹೇಳಿದ್ದು ತಪ್ಪು ಯಜಮಾನ್ರೇ,” ಅಂದಳು ಕೊನೆಗೆ. “ಆಗ ಎಷ್ಟೋ ಕಡೆ ಹಾಗೇ ಹೇಳ್ತಿದ್ರು. ನಾನಿದ್ದಿದ್ರೂ ಅದನ್ನೇ ಹೇಳ್ತಿದ್ನೋ ಏನೋ.”

ಇಷ್ಟು ವರ್ಷದಲ್ಲಿ ಆ ಒಂದು ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಜಗಳಕ್ಕೆ ಅಂತ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಉದುರಿಹೋದವು. ಆದರೂ ಉಳಿದರ್ಧವನ್ನು ಕೇಳಿಯೇಬಿಟ್ಟ.

“ನೀವ್ ಈಗ ಹೇಳೋದೂ ನಾಳೆ ತಪ್ಪಾದ್ರೆ?”

“ಕೆಲವು ಆಗ್ಬಹುದು. ಯಾವ್ದು ಅಂತ ನನಗೂ ಗೊತ್ತಿಲ್ಲ.”

“ಮತ್ತೆ ನಾನು ಹೆಂಗೆ ನಂಬ್ಲಿ ತಾಯಿ?”

ಲೋಹಿತಾ ಮಣ್ಣು ಮೆತ್ತಿದ ಒಂದು ಮಾತ್ರೆಯನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದಳು. “ಮಲಗಿಸೋದು ತಪ್ಪು ಅಂತ ಗೊತ್ತಾಗಿದ್ದು ಹೇಗೆ? ಯಾರೋ ನಿಮ್ಮ ಹಾಗೇ ಪ್ರಶ್ನೆ ಕೇಳಿದ್ರು. ಕೇಳಿ ಅಲ್ಲಿಗೇ ಬಿಡ್ಲಿಲ್ಲ, ಮಲಗಿದವರನ್ನೂ ನಡೆದವರನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರು. ಈ ಮಾತ್ರೆಗೂ ಹಾಗೇ ನೋಡಿದ್ದಾರೆ. ಸ್ಟೆಂಟ್ ಹಾಕಿದ ಮೇಲೆ ಇದನ್ನ ಬಿಟ್ಟು, ತಿರುಗಿ ಬಾರದೇ ಹೋದವರನ್ನ ನಾನೇ ಕಂಡಿದ್ದೀನಿ. ಕೋಲಾಟ ಬೇಡ ಅಂದದ್ದು ಮಾತ್ರ ಯಾರೂ ನೋಡಿ ಹೇಳಿದ್ದಲ್ಲ. ನಿಮ್ಮನ್ನ ನೋಡದೆ ಹೇಳಿದ್ದು. ಅದನ್ನ ನಾವು ನೋಡೋಣ. ಮೊದಲು ಒಂದು ವಾರ ಮಾತ್ರೆ ನುಂಗಿ ಬನ್ನಿ.”

ಲಕ್ಷ್ಮಯ್ಯನಿಗೆ ತಾನು ಮನೆಮನೆಗೆ ಹೋಗಿ ಬೋರ್‌ವೆಲ್ ನೀರು ಕುಡಿಯಿರಿ ಅಂದದ್ದು ನೆನಪಾಯಿತು. ಒಳ್ಳೆಯದಾಗಲಿ ಅಂತಲೇ ಹೇಳಿದ್ದು, ಗೊತ್ತಿದ್ದದ್ದು ಅಷ್ಟೇ. ಗೊತ್ತಾದ ದಿನ ಮತ್ತೆ ಹೋಗಿ ಹೇಳಿದ್ದೂ ತಾನೇ. ಅವನು ಮೇಜಿನ ಮೇಲಿದ್ದ ಮಾತ್ರೆ ಎತ್ತಿಕೊಳ್ಳಲು ಕೈ ಚಾಚಿದ. ಲೋಹಿತಾ ನಕ್ಕು, ಇವು ಕೋಳಿಯವು, ಹೊಸದು ಕೊಡುತ್ತೇನೆ ಅಂದಳು.

ಆ ವಾರ ಮನೆಯಲ್ಲಿ ನಡೆದದ್ದನ್ನು ಹಟ್ಟಿಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ಮಾತ್ರೆ ನುಂಗಿದ ಮೇಲೆ ಲಕ್ಷ್ಮಯ್ಯ ನಾಲಗೆ ಎತ್ತಿ, ಹೊರಳಿಸಿ, ಎರಡೂ ಕೆನ್ನೆ ಅಗಲಿಸಿ ದಾಸಮ್ಮನಿಗೆ ತೋರಿಸಬೇಕು. ಅವಳು ನೋಡಿ ಹೂಂ ಅಂದ ಮೇಲೆಯೇ ರೊಟ್ಟಿ.

ವಾರ ಬಿಟ್ಟು ಹೋದಾಗ ಅಂಗಿ ಬಿಚ್ಚಿಸಿ, ಎದೆ ತುಂಬ ವೈರು ಅಂಟಿಸಿ, ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ನಿಂತಲ್ಲೇ ನಡೆಯುವುದು, ಮೆಷಿನ್ನು ಎದೆಯನ್ನು ಗಮನಿಸುವುದು. ಲಕ್ಷ್ಮಯ್ಯ ಪಂಚೆ ಎತ್ತಿ ಕಟ್ಟಿದ. ನಾಲ್ಕು ಹೆಜ್ಜೆ ನೆಟ್ಟಗೆ ನಡೆದವನು ರೂಢಿಬಲದಿಂದ ಒಂದು ಹೆಜ್ಜೆ ಹಿಂದಕ್ಕೆ ಹಾಕಿದ, ಪಟ್ಟಿ ಅವನನ್ನು ಎಳೆದುಕೊಂಡು ಹೋಗಿ ಗೋಡೆಗೆ ಒಪ್ಪಿಸುವುದರಲ್ಲಿತ್ತು. ಟೆಕ್ನೀಷಿಯನ್ ಹಿಡಿದುಕೊಂಡ. ಇದಕ್ಕೆ ಹಿಂದಿನ ಹೆಜ್ಜೆ ಗೊತ್ತಿಲ್ವಾ ಅಂತ ಲಕ್ಷ್ಮಯ್ಯ ಕೇಳಿದ. ಆಮೇಲೆ ಮುಂದಿನ ಹೆಜ್ಜೆಗಳಲ್ಲೇ, ಬಾಯಲ್ಲಿ ತಾಳ ಹಾಕಿಕೊಂಡು, ಪಟ್ಟಿ ಜೋರಾದರೂ ಏರಾದರೂ ಬಿಡದೆ ನಡೆದ. ಬೆವರು ಇಳಿಯಿತು, ಉಸಿರು ಜೋರಾಯಿತು, ನೋವು ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ದಾಸಮ್ಮ ಕಣ್ಣು ಮುಚ್ಚಿ ಕೂತಿದ್ದಳು.

ಪರೀಕ್ಷೆ ಮುಗಿದು, ಅವನು ಸುಧಾರಿಸಿಕೊಂಡ ಮೇಲೆ, ಈಗ ಕೋಲಾಟ ತೋರಿಸಿ ಅಂದಳು ಲೋಹಿತಾ. ಕೋಲೆಲ್ಲಿ? ದೇವರಾಜು ಮೆಲ್ಲಗೆ ಕೊಡೆ ಬಿಚ್ಚಿದ, ಅದರೊಳಗಿಂದ ಕೋಲುಗಳು ಜಾರಿದವು. ರಾಗಿ ಡ್ರಮ್ಮಿನ ತಳದವೇ. ದಾಸಮ್ಮ ಗಂಡನನ್ನು ದುರುಗುಟ್ಟಿ ನೋಡಿದಳು, ಅವನು ಮೇಲೆ ಫ್ಯಾನನ್ನು ನೋಡಿದ. ಬೆರಳಿಗೆ ನಾಡಿ ನೋಡುವ ಒಂದು ಪುಟ್ಟ ಮೆಷಿನ್ನು ಸಿಕ್ಕಿಸಿಕೊಂಡು ಅವನು, ಎದುರಿಗೆ ದೇವರಾಜು, ಆಸ್ಪತ್ರೆಯ ಮೊಗಸಾಲೆಯಲ್ಲಿ ನಾಲ್ಕು ಸುತ್ತು ಆಡಿದರು. ಕಾಯುತ್ತಾ ಕೂತಿದ್ದ ರೋಗಿಗಳಲ್ಲಿ ಒಬ್ಬ ಮುದುಕಪ್ಪ ಚಪ್ಪಾಳೆಯಲ್ಲಿ ತಾಳ ಹಿಡಿದ, ಬಳಿಕ ಇಡೀ ಬೆಂಚೇ ತಾಳ ಹಿಡಿಯಿತು. ಲಕ್ಷ್ಮಯ್ಯನ ಮುಖ ಅರಳಿದ್ದನ್ನು ದಾಸಮ್ಮ ಎಷ್ಟೋ ತಿಂಗಳ ಮೇಲೆ ನೋಡಿದಳು. ಅವಳಿಗೂ ನಗು ಬಂತು, ಸೆರಗು ಬಾಯಿಗೆ ಹಿಡಿದಳು.

ಲೋಹಿತಾ ತೀರ್ಮಾನ ಹೇಳಿದಳು. ಆಡಬಹುದು. ಆದರೆ ಬಿಸಿಲು ಇಳಿದ ಮೇಲೆ, ಕುಪ್ಪಳಿಸದೆ, ಮಾತ್ರೆ ತಪ್ಪದೆ. ಹೆಣೆಯುವುದು ಬಿಚ್ಚುವುದು ಎರಡೂ ಈ ವರ್ಷ ಬೇಡ, ಒಂದನ್ನು ಆರಿಸಿಕೊಳ್ಳಿ. ಎದೆ ಹಿಡಿದರೆ, ಉಸಿರು ಸಾಲದಿದ್ದರೆ ಆ ಕ್ಷಣ ಹಗ್ಗ ಬೇರೆಯವರಿಗೆ ಕೊಟ್ಟು ಕೂತುಬಿಡಬೇಕು. ಕೂತ ಮೇಲೂ ಸರಿಹೋಗದಿದ್ದರೆ ಸೀದಾ ಆಸ್ಪತ್ರೆ. ಅಷ್ಟು ಮಾತು ಕೊಡುತ್ತೀರಾ ಅಂತ ಕೇಳಿದಳು. ಲಕ್ಷ್ಮಯ್ಯ ಯೋಚಿಸದೆ ಬಿಚ್ಚುವುದನ್ನು ಆರಿಸಿಕೊಂಡ. ಮಾತನ್ನೂ ಕೊಟ್ಟ.

ವಾಪಸ್ ಬರುವಾಗ ಕೊರಟಗೆರೆ ದಾಟಿದ ಮೇಲೆ ದೇವರಾಜುಗೆ ಒಂದು ಚಿಂತೆ ಹತ್ತಿತು. ಹಗ್ಗ ಕೊಡುವುದು ಯಾರಿಗೆ? ಇರುವವರೆಲ್ಲ ಆಟದೊಳಗಿರುತ್ತಾರೆ, ಹೊರಗೆ ಬಿಚ್ಚುವ ಹೆಜ್ಜೆ ಗೊತ್ತಿರುವವರು ಯಾರಿದ್ದಾರೆ?

“ನಾನಿಲ್ವಾ?” ಅಂದಳು ದಾಸಮ್ಮ. ಗಂಡಸರಿಬ್ಬರೂ ಅವಳ ಕಡೆ ತಿರುಗಿದರು. “ಮಾವ ಮಂಚದ ಮೇಲಿಂದ ಕಲಿಸ್ತಿದ್ದಾಗ ಆ ಅಂಗ್ಳ ಸಾರಿಸ್ತಿದ್ದೋಳು ನಾನೇ ತಾನೆ. ಕಣ್ಣು ಕಟ್ಕಂಡು ಸಾರಿಸ್ತಿದ್ನಾ?”

ಜಯಂತಿಯ ದಿನ ಬೆಳಿಗ್ಗೆ ನೀಲಿ ಬಾವುಟ ಕಟ್ಟಿದರು, ಬೌದ್ಧರ ತ್ರಿಶರಣ ಹೇಳಿದರು, ಮಧ್ಯಾಹ್ನ ಪಾಯಸದ ಊಟವಾಯಿತು. ಸಂಜೆಗೆ ಬೇವಿನ ಮರದ ಸುತ್ತ ಜನ ತುಂಬಿತು. ಎಲ್ಲರ ಕಣ್ಣೂ ಕೊಂಬೆಯಲ್ಲಿ ನೇತಾಡುತ್ತಿದ್ದ ಸಿಕ್ಕಿನ ಮೇಲೆ. ಅದನ್ನು ಬಿಚ್ಚದೆ ಹೊಸ ಜಡೆ ಹೆಣೆಯುವಂತಿಲ್ಲ. ಬಿಸಿಲು ಇಳಿಯಿತು. ಲಕ್ಷ್ಮಯ್ಯ ಹೊಸ ಹುಡುಗನೊಬ್ಬನ ಹಗ್ಗ ಇಸಿದುಕೊಂಡು ದೇವರಾಜುವಿನ ಎದುರು ನಿಂತ, ಮಗನನ್ನು ಪಕ್ಕಕ್ಕೆ ಕರೆದು ಅವನು ತಾಲೀಮಿನಲ್ಲಿ ಹಿಡಿದಿದ್ದ ಹಗ್ಗವನ್ನೇ ಕೊಟ್ಟ.

“ಆವತ್ತು ನೀನು ಎಲ್ಲಿ ಹೊರಗಿಂದ ಹೋದ್ಯೋ, ಈಗ ಅಲ್ಲಿಂದ್ಲೇ ವಾಪಸ್ ಬಾ. ಸರಿ ಮಾಡಾಕೆ ಹೋಗ್ಬೇಡ ಕಣ್ಲಾ. ತಪ್ಪು ಹೆಂಗಾಯ್ತೋ ಅಂಗೇ ತಿರುಗ್ಸು.”

ಊರೆಲ್ಲ ನೋಡುವಾಗ ಮಾಡಿದ ತಪ್ಪನ್ನೇ ಮತ್ತೆ ಕುಣಿಯುವುದೆಂದರೆ ಅಂಜನ್ ಕುಮಾರನ ಕಿವಿ ಕೆಂಪಾಯಿತು. ಆದರೂ ಕುಣಿದ. ಹಿಂದಕ್ಕೊಂದು ಹೆಜ್ಜೆ, ಹೊರಗೊಂದು ಸುತ್ತು, ಕೋಲಿಗೆ ಕೋಲು. ಮೇಲೆ ಕೆಂಪು ಹಗ್ಗ ಸಡಿಲವಾಯಿತು. ಜನ ಹೋ ಅಂದರು. ಹಿಂದೆಯೇ ಹಳದಿ, ಅದರ ಹಿಂದೆ ಹಸಿರು. ತಾಲೀಮಿನ ಸಂಜೆ ಯಾರು ಎಲ್ಲಿ ಎಡವಿದರು ಅನ್ನುವುದು ಕುರ್ಚಿಯಲ್ಲಿ ಕೂತು ನೋಡಿದವನಿಗೆ ಬಾಯಿಪಾಠವಾಗಿತ್ತು. ಒಬ್ಬೊಬ್ಬರ ಹೆಸರು ಕೂಗಿ ಅವರವರ ತಪ್ಪನ್ನು ಅವರವರ ಕಾಲಿಗೆ ನೆನಪಿಸುತ್ತಾ ಲಕ್ಷ್ಮಯ್ಯ ಸುತ್ತಿದ. ಅವನಿಗೆ ಖುಷಿಯೋ ಖುಷಿ.

ಸಿಕ್ಕು ಮುಕ್ಕಾಲು ಬಿಚ್ಚಿತ್ತು. ಆಗ ಉಸಿರು ಸಾಲದಾಯಿತು. ನೋವಲ್ಲ, ಉಸಿರಷ್ಟೇ. ಇನ್ನೊಂದೆರಡು ಸುತ್ತು, ತಡೆದುಕೊಂಡರೆ ಮುಗಿದೇಹೋಗುತ್ತದೆ ಅಂತ ಮನಸ್ಸು ಎಳೆಯಿತು. ಕೊಟ್ಟ ಮಾತು ನೆನಪಾಯಿತು. ಲಕ್ಷ್ಮಯ್ಯ ನಿಂತ. ಹೊರಗೆ ಒಂಟಿಕಾಲಲ್ಲಿ ಕಾಯುತ್ತಿದ್ದ ದಾಸಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಿದ್ದಳು. ಹಗ್ಗ, ಕೋಲು ಎರಡನ್ನೂ ಅವಳ ಕೈಗಿಟ್ಟು ಅವನು ಸುತ್ತಿನಿಂದ ಆಚೆ ಬಂದ. ಹತ್ತಿರದಲ್ಲಿ ಕೂರಲು ಇದ್ದದ್ದು ಅದೊಂದೇ, ಮರದ ಬುಡದ ಹಗ್ಗದ ಮಂಚ. ಬೇರೆ ದಾರಿಯಿಲ್ಲದೆ ಮೊದಲ ಸಲ ಅದರ ಮೇಲೆ ಕೂತ.

ದಾಸಮ್ಮ ಒಮ್ಮೆ ತಿರುಗಿ ನೋಡಿದಳು. ಅವನು ಆಡು ಅಂತ ಕೈ ಸನ್ನೆ ಮಾಡಿದ. ಅವಳು ದೇವರಾಜುವಿನ ಕೋಲಿಗೆ ಕೋಲು ಕೊಟ್ಟು ಹೆಜ್ಜೆ ಎತ್ತಿದಳು. ಏನು ಹೆಜ್ಜೆ! ಪೆದ್ದಣ್ಣ ಮಂಚದಿಂದ ಹೇಳಿಕೊಟ್ಟಿದ್ದ ಹೆಜ್ಜೆಯೇ, ಒಂದು ಕೂದಲೆಳೆ ಆಚೀಚೆ ಇಲ್ಲ. ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದಳೋ ಮಾರಾಯ್ತಿ. ಲಕ್ಷ್ಮಯ್ಯ ನೀರು ಕುಡಿದ. ಕಾಲುಗಳು ತಾವಾಗಿ ತಾಳ ಹಾಕುತ್ತಿದ್ದವು. ಅಪ್ಪನ ಕಾಲುಗಳು ಹೀಗೇ ಆಡುತ್ತಿದ್ದದ್ದು ನೆನಪಾಗಿ ಅವನಿಗೆ ಒಂದು ಕ್ಷಣ ತುಂಬ ಭಯವಾಯಿತು. ಉಸಿರು ಮೆಲ್ಲಗೆ ತಹಬಂದಿಗೆ ಬಂತು. ಎದೆ ಮುಟ್ಟಿ ನೋಡಿಕೊಂಡ, ಎಲ್ಲ ಸರಿಯಾಗಿತ್ತು.

ಲಕ್ಷ್ಮಯ್ಯ ಮಂಚದಿಂದ ಎದ್ದ.

ಅವನು ಎದ್ದದ್ದನ್ನು ನೋಡಿ ದಾಸಮ್ಮ ಸುತ್ತಿನಲ್ಲೇ ಅತ್ತುಬಿಟ್ಟಳು. ಅಳುತ್ತಲೇ ನಗುತ್ತಿದ್ದಳು, ಕಾಲು ಮಾತ್ರ ತಪ್ಪಲಿಲ್ಲ. ಅವನು ಹತ್ತಿರ ಬಂದಾಗ ಹಗ್ಗ ಚಾಚಿದಳು. ಕೊನೆಯ ಸುತ್ತು ಅವನದು. ದೇವರಾಜುವಿನ ಕೋಲಿಗೆ ಕೋಲು ತಾಗಿತು, ಕೊನೆಯ ಎಳೆ ಕಳಚಿತು, ಹಗ್ಗಗಳೆಲ್ಲ ಬೇರೆ ಬೇರೆಯಾಗಿ ನೆಟ್ಟಗೆ ಇಳಿದವು. ಹಟ್ಟಿಗೆ ಹಟ್ಟಿಯೇ ಕೇಕೆ ಹಾಕಿತು.

ಲಕ್ಷ್ಮಯ್ಯ ಹಗ್ಗ ಬಿಡದೆ ನಿಂತುಕೊಂಡು, ಈಗ ಹೆಣೆಯೋದು ಶುರು ಮಾಡಾನಾ ಅಂದ.

“ಡಾಕ್ಟ್ರಮ್ಮ ಒಂದೇ ಅಂದವ್ರೆ,” ಅಂದಳು ದಾಸಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಲಕ್ಷ್ಮಯ್ಯ ಕಂದು ಹಲ್ಲು ಬಿಟ್ಟು ನಕ್ಕ. ಮಗನ ಹಗ್ಗವನ್ನು ಆ ಹೊಸ ಹುಡುಗನಿಗೆ ಕೊಡಿಸಿ, ತನ್ನ ಹಗ್ಗವನ್ನು ಮಗನ ಕೈಗೆ ಕೊಟ್ಟು ಹೊರಗೆ ಬಂದ. ಯಾರೋ ಮಂಚದ ಮೇಲಿನ ಎಲೆ ಕೊಡವಿ, ಕೂತ್ಕೊಳಣ್ಣ ಅಂದರು. ಅವನು ಬೇಡ ಅಂದು, ಹೆಂಡತಿಯ ಪಕ್ಕದಲ್ಲಿ ನಿಂತುಕೊಂಡೇ ತಾಳ ಹಾಕಿದ.